ಪೂಜೆಗಿಟ್ಟ ಹಿತ್ತಾಳೆ ಮುಚ್ಚಳ

ಆಯುಧ ಪೂಜೆಯ ದಿನ ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ತೊಳೆಯದೆ ಬಿಡುವ ವಸ್ತು ಇಲ್ಲ. ಕಸದ ಗಾಡಿಗಳು, ಗಟಾರ ಬಾಚುವ ಸಲಿಕೆ, ಬೀದಿದೀಪದ ಏಣಿ, ನೀರಿನ ಪಂಪು, ಎಲ್ಲಕ್ಕೂ ಅಂದು ಮಂಗಳಸ್ನಾನ. ವರ್ಷವಿಡೀ ಧೂಳು ತಿಂದ ಕಂಪ್ಯೂಟರನ್ನೂ ಯಾರೋ ಒಬ್ಬರು ಒದ್ದೆ ಬಟ್ಟೆಯಲ್ಲಿ ಭಕ್ತಿಯಿಂದ ಒರೆಸುತ್ತಾರೆ. ಅದು ಮತ್ತೆ ಶುರುವಾಗದಿದ್ದರೆ ನನ್ನನ್ನು ಕರೆಯುತ್ತಾರೆ. ನಾನು ಅಲ್ಲಿಯ ಕಿರಿಯ ಇಂಜಿನಿಯರ್. ಸಣ್ಣ ಪಂಚಾಯಿತಿಯಲ್ಲಿ ಇಂಜಿನಿಯರ್ ಎಂದರೆ ರಸ್ತೆ, ನೀರು, ದೀಪ, ಕೊನೆಗೆ ಅಧ್ಯಕ್ಷರ ಕುರ್ಚಿಯ ಮುರಿದ ಕಾಲು ಕೂಡ. ಊರಿನ ಹೆಸರು ಇಲ್ಲಿ ಬೇಡ. ಕುಮಟಾದಿಂದ ಭಟ್ಕಳಕ್ಕೆ ಹೋಗುವ ಹೆದ್ದಾರಿಗೆ ತಾಗಿಕೊಂಡು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ ಇಟ್ಟುಕೊಂಡು ಬದುಕುವ ಊರು ಎಂದರೆ ಸಾಕು.

ನಾನು ಪುಕ್ಕಲು ಸ್ವಭಾವದವಳು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಜಿರಲೆ ಕಂಡರೆ ಮಂಚ ಹತ್ತುತ್ತೇನೆ. ಓವರ್‌ಹೆಡ್ ಟ್ಯಾಂಕಿನ ಏಣಿಯನ್ನು ಕೆಳಗಿನಿಂದಲೇ ತಪಾಸಣೆ ಮಾಡುತ್ತೇನೆ. ಆದರೆ ನನಗೆ ನಿಜವಾದ ಹೆದರಿಕೆ ಇದ್ದದ್ದು ಕ್ಲೋರಿನ್ ಕೋಣೆಯದು.

ಹೊಳೆಯಿಂದ ಎತ್ತಿದ ನೀರನ್ನು ಗುಡ್ಡದ ಬುಡದಲ್ಲಿರುವ ಘಟಕದಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಊರಿಗೆ ಬಿಡುತ್ತೇವೆ. ಕ್ಲೋರಿನ್ ಬರುವುದು ಟನ್ನರಿನಲ್ಲಿ. ಟನ್ನರ್ ಎಂದರೆ ರೋಲರುಗಳ ಮೇಲೆ ಅಡ್ಡ ಮಲಗಿಸಿದ, ಎಮ್ಮೆಯಷ್ಟು ದಪ್ಪದ ಉಕ್ಕಿನ ಪೀಪಾಯಿ. ಒಳಗೆ ಬಹುಪಾಲು ದ್ರವ, ಅದರ ಮೇಲೆ ಸ್ವಲ್ಪ ಅನಿಲ. ಒಂದು ತುದಿಯಲ್ಲಿ ಎರಡು ವಾಲ್ವ್ ಇರುತ್ತವೆ. ಅವುಗಳ ಬಾಯಿಗೆ ಹಿತ್ತಾಳೆಯ ಮುಚ್ಚಳ. ವಾಲ್ವ್‌ಗಳು ಒಂದರ ಮೇಲೊಂದು ಬರುವಂತೆ ಟನ್ನರನ್ನು ಇಡಬೇಕು. ಆಗ ಮೇಲಿನದು ಅನಿಲಕ್ಕೆ ತಾಗಿರುತ್ತದೆ, ಕೆಳಗಿನದು ದ್ರವಕ್ಕೆ. ಸೋರುವುದೇ ಆದರೆ ಅನಿಲ ಸೋರಲಿ, ದ್ರವ ಸೋರಬಾರದು. ಒಂದು ಲೋಟ ದ್ರವ ಹೊರಬಿದ್ದರೆ ಕೊಡಗಟ್ಟಲೆ ಅನಿಲ ಏಳುತ್ತದೆ. ಆ ಅನಿಲ ಗಾಳಿಗಿಂತ ಭಾರ, ನೀರಿನಂತೆ ತಗ್ಗು ಹುಡುಕಿ ಹರಿಯುತ್ತದೆ. ನಮ್ಮ ಘಟಕದ ತಗ್ಗಿನಲ್ಲಿ ಮೀನುಗಾರರ ಕೇರಿ ಇದೆ.

ಆ ವರ್ಷ ಬೆಳಿಗ್ಗೆ ಘಟಕ ತೊಳೆಯಲು ಎಲ್ಲರೂ ಸೇರಿದ್ದರು. ಪೌರಕಾರ್ಮಿಕರು, ಪಂಪ್ ಆಪರೇಟರ್, ಕಸದ ಗಾಡಿ ಓಡಿಸುವ ಹೆಂಗಸು, ಎಲ್ಲ. ಒಂದು ಟನ್ನರ್ ಪೈಪಿಗೆ ಜೋಡಿಸಿತ್ತು, ಅದನ್ನು ಯಾರೂ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ತುಂಬಿದ ಟನ್ನರಿನ ಮೈಯನ್ನು ಪೈಪು ಹಿಡಿದು ತೊಳೆದರು. ಎರಡು ವಾಲ್ವ್ ಎರಡು ಕಣ್ಣಿನ ಹಾಗೆ ಕಾಣಲಿ ಎಂದು ಅದನ್ನು ಸ್ವಲ್ಪ ಹೊರಳಿಸಿ, ನಡುವೆ ದೊಡ್ಡದಾಗಿ ಕುಂಕುಮ ಇಟ್ಟರು. ಚೆಂಡುಹೂವಿನ ಮಾಲೆ ಹಾಕಿದರು. ಎರಡೂ ಪಕ್ಕಕ್ಕೆ ಬಾಳೆಗಿಡ ಕಟ್ಟಿದರು. ನಂತರ ಹಾರೆ, ಸ್ಪ್ಯಾನರ್, ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್ ಮತ್ತು ಅದರ ಮುಖವಾಡ, ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡು ಕಚೇರಿಗೆ ಒಯ್ದರು. ದೇವಿಯ ಪಟದ ಮುಂದೆ ಸಾಲಾಗಿ ಇಟ್ಟು ಪೂಜೆ ಆಯಿತು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವ ಪದ್ಧತಿ ಇಲ್ಲ. ಅವಲಕ್ಕಿ ಪಂಚಕಜ್ಜಾಯ ತಿಂದು, ಕೋಣೆಗೆ ಬೀಗ ಹಾಕಿ, ಎಲ್ಲರೂ ಮನೆಗೆ ಹೋದರು. ಆ ಬುಟ್ಟಿಯಲ್ಲಿ ಮತ್ತೇನು ಹೋಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಊಟ ಮುಗಿಸಿ ಕೈತೊಳೆಯುವಾಗ ಆಪರೇಟರನ ಫೋನು ಬಂತು.

"ಮೇಡಂ, ಸ್ವಲ್ಪ ಬರೂಕೆ ಆತದಾ? ಕ್ಲೋರಿನ್ ವಾಸ್ನೆ ಬತ್ತದೆ."

"ದಿನಾ ಬರೋದೇ ಅಲ್ವಾ?"

"ದಿನದ್ದಲ್ಲ. ನಂಗೆ ಒಳಗೆ ಹೋಗೂಕೆ ಆಗ್ಲಿಲ್ಲ."

ಈ ಆಪರೇಟರ್ ಮಾತು ಕಡಿಮೆ, ದೂರು ಇನ್ನೂ ಕಡಿಮೆ. ಅವನ ಮನೆ ಆ ಕೇರಿಯಲ್ಲೇ, ಘಟಕದ ಪಾಗಾರದ ಗೋಡೆಗೆ ತಾಗಿದ ಮೊದಲನೆಯದು. ಹೆರಿಗೆಗೆ ಬಂದಿದ್ದ ಮಗಳು ಹೆತ್ತು ವಾರ ಆಗಿತ್ತು. ಅವನು ಹಾಗೆ ಹೇಳಿದ ಮೇಲೆ ನಾನು ಒದ್ದೆ ಕೈಯಲ್ಲೇ ಹೊರಟೆ.

ಘಟಕದ ಗೇಟು ಸಮುದ್ರದ ಕಡೆಗಿದೆ. ಮಧ್ಯಾಹ್ನದ ಗಾಳಿ ಸಮುದ್ರದಿಂದ ಬೀಸುತ್ತಿತ್ತು. ಬೆನ್ನಿಗೆ ಗಾಳಿ ಇಟ್ಟುಕೊಂಡೇ ಹತ್ತಿರ ಹೋದೆವು. ತೆರೆದ ಬಾಗಿಲಿನಿಂದ ಟನ್ನರಿನ ಮುಖ ಕಾಣುತ್ತಿತ್ತು. ಬೆಳಿಗ್ಗೆ ಹಾಕಿದ ಕೇಸರಿ ಬಣ್ಣದ ಮಾಲೆ ಬೆಳ್ಳಗಾಗಿತ್ತು. ಬಾಳೆ ಎಲೆ ಸುಟ್ಟ ಹಾಗೆ ಮುದುಡಿತ್ತು. ಒಂದು ವಾಲ್ವಿನ ಬಾಯಿಯ ಸುತ್ತ ಹಿಮ ಕಟ್ಟಿ, ಅದರಿಂದ ಹಸಿರು ಮಿಶ್ರಿತ ಹಳದಿ ಹೊಗೆ ಎಳೆಎಳೆಯಾಗಿ ಇಳಿದು ನೆಲದ ಮೇಲೆ ಹರಿದು, ಹಿಂಬಾಗಿಲಿನಿಂದ ಗುಡ್ಡದ ಗೇರುಮರಗಳ ಹಕ್ಕಲಿನ ಕಡೆ ಹೋಗುತ್ತಿತ್ತು. ಹಿಮ ಕಟ್ಟಿದೆ ಎಂದರೆ ಬರುತ್ತಿರುವುದು ದ್ರವ. ನೋಡುತ್ತ ನಿಂತವಳಿಗೆ ಇನ್ನೊಂದು ವಿಷಯ ಹೊಳೆಯಿತು. ಎರಡೂ ವಾಲ್ವಿಗೆ ಮುಚ್ಚಳ ಇರಲಿಲ್ಲ.

"ಮುಚ್ಚಳ ಎಲ್ಲಿ?"

ಆಪರೇಟರ್ ನನ್ನ ಮುಖ ನೋಡಲಿಲ್ಲ. "ಹಿತ್ತಾಳೆದು ಅಲ್ವಾ ಮೇಡಂ, ಹುಣಸೆಹುಳಿ ಹಾಕಿ ತಿಕ್ಕಿದ್ರು. ದೀಪದ ಸಂಗ್ತಿ ತಾಟಿನಲ್ಲಿಟ್ರೆ ಚಂದ ಕಾಣ್ತದೆ ಅಂತ ಕಚೇರಿಗೆ ತಕಂಡು ಹೋದ್ರು ಕಾಣ್ತದೆ."

ನಾನು ಬೆಳಿಗ್ಗೆ ಆ ತಾಟಿಗೆ ಕೈಮುಗಿದಿದ್ದೆ. ಪಳಪಳ ಹೊಳೆಯುವ ಎರಡು ಚಿಕ್ಕ ಬಟ್ಟಲುಗಳನ್ನು ನೋಡಿ, ಯಾರ ಮನೆಯ ಅರಿಶಿಣ ಕುಂಕುಮದ ಬಟ್ಟಲು ಎಂದುಕೊಂಡಿದ್ದೆ.

ಏನಾಗಿರಬಹುದು ಎಂಬುದು ಸ್ಪಷ್ಟವಿತ್ತು. ವಾಲ್ವ್ ಮೊದಲೇ ಕಣ್ಣಿಗೆ ಕಾಣದಷ್ಟು ಜಿನುಗುತ್ತಿತ್ತು, ಮುಚ್ಚಳ ಅದನ್ನು ತಡೆದಿತ್ತು. ಮುಚ್ಚಳ ತೆಗೆದು, ಬಾಯಿಗೆ ನೀರು ಹಾಯಿಸಿದರು. ಕ್ಲೋರಿನ್ನಿಗೆ ನೀರು ತಾಗಿದರೆ ಆಮ್ಲ. ಆಮ್ಲ ವಾಲ್ವನ್ನು ತಿಂದಂತೆಲ್ಲ ಸೋರಿಕೆ ಹೆಚ್ಚುತ್ತದೆ, ಸೋರಿಕೆ ಹೆಚ್ಚಿದಂತೆಲ್ಲ ತಿನ್ನುವುದೂ ಹೆಚ್ಚುತ್ತದೆ. ಸಾಲದ್ದಕ್ಕೆ ಕಣ್ಣು ಮಾಡಲು ಹೊರಳಿಸಿ, ಎರಡೂ ವಾಲ್ವನ್ನು ದ್ರವದೊಳಗೆ ಮುಳುಗಿಸಿ ಇಟ್ಟಿದ್ದರು.

ಮುಖ್ಯಾಧಿಕಾರಿ ರಜೆಯಲ್ಲಿದ್ದರು. ಅಗ್ನಿಶಾಮಕದವರಿಗೆ ಫೋನು ಮಾಡಿದೆ. ಗಾಡಿ ಕುಮಟಾದ ಆಚೆ ಒಂದು ಬೆಂಕಿಗೆ ಹೋಗಿದೆ, ಹೊರಡಿಸುತ್ತೇವೆ, ಹಬ್ಬದ ದಿನ ರಸ್ತೆ ಹೇಗಿದೆಯೋ ಎಂದರು. ಟನ್ನರ್ ಪೂರೈಸುವವರ ತಂಡ ಬರುವುದಕ್ಕೆ ಕತ್ತಲಾಗುತ್ತದೆ. ಕಾರವಾರದಲ್ಲಿದ್ದ ಮೇಲಧಿಕಾರಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಗಾಳಿ ಗುಡ್ಡದ ಕಡೆ ಇದೆಯಲ್ಲ, ಅಲ್ಲಿ ಮನೆ ಇಲ್ಲ. ತಂಡ ಬರಲಿ. ಮೈಕಿನಲ್ಲಿ ಕೂಗಿ ಹಬ್ಬದ ದಿನ ಜನರನ್ನು ಹೆದರಿಸಬೇಡಿ."

"ಸರ್, ಸಂಜೆ ಗಾಳಿ ಬೀಳ್ತದೆ."

"ಬೀಳಲಿ, ಆಗ ನೋಡೋಣ."

ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಹಗಲು ಸಮುದ್ರದ ಗಾಳಿ, ಹೊತ್ತು ಮುಳುಗುವಾಗ ಅದು ನಿಂತುಬಿಡುತ್ತದೆ, ಆಮೇಲೆ ಗುಡ್ಡದ ಕಡೆಯಿಂದ ಸಮುದ್ರಕ್ಕೆ ತಿರುಗುತ್ತದೆ. ಗಾಳಿ ನಿಂತರೆ ಸಾಕು, ಅಷ್ಟು ಅನಿಲವೂ ಇಳಿಜಾರಿನಲ್ಲಿ ಕೇರಿಗೆ ಇಳಿಯುತ್ತದೆ. ಮೊದಲ ಮನೆಯಲ್ಲಿ ಬಾಣಂತಿ ಮತ್ತು ವಾರದ ಮಗು. ಅಷ್ಟು ಸಣ್ಣ ಎದೆಗೂಡಿಗೆ ಎಷ್ಟು ಕ್ಲೋರಿನ್ ಸಾಕು ಎಂಬುದನ್ನು ಯೋಚಿಸಬಾರದು ಎಂದುಕೊಂಡು ಅದನ್ನೇ ಯೋಚಿಸುತ್ತಿದ್ದೆ.

ಮೇಲಧಿಕಾರಿಯ ಮಾತನ್ನು ನಾನು ಪಾಲಿಸಲಿಲ್ಲ. ಧೈರ್ಯ ಬಂದು ಅಲ್ಲ. ಪಾಲಿಸಿ ಸುಮ್ಮನೆ ಕೂರುವುದು ಇನ್ನೂ ಹೆಚ್ಚು ಭಯ ಹುಟ್ಟಿಸಿತು. ಕಸದ ಗಾಡಿಯ ಹೆಂಗಸಿಗೆ ಫೋನು ಮಾಡಿದೆ. ಊರಿನಲ್ಲಿ ಮೈಕು ಇದ್ದ ಏಕೈಕ ಸರ್ಕಾರಿ ವಾಹನ ಅದು. ಅವಳು ಹಬ್ಬದ ಸೀರೆಯಲ್ಲೇ ಗಾಡಿ ತಂದಳು. ಗಾಡಿ ಫಳಫಳ ಹೊಳೆಯುತ್ತಿತ್ತು, ಮುಂದೆ ಬಾಳೆಕಂದು, ಗಾಜಿಗೆ ಕುಂಕುಮ.

"ಕೇರಿಯವರೆಲ್ಲ ಉತ್ತರದ ದಿಬ್ಬದ ಶಾಲೆಗೆ ಹೋಗಲಿ ಅಂತ ಹೇಳು. ಹೊಳೆದಂಡೆಗೆ ಇಳಿಯಬಾರದು. ಮೇಲೆ ಹೋಗಬೇಕು. ಒದ್ದೆ ಬಟ್ಟೆ ಮೂಗಿಗೆ ಹಿಡೀಲಿ."

"ಎಂತ ಆತು ಅಂತ ಕೇಳಿದ್ರೆ?"

"ಗ್ಯಾಸ್ ಸೋರ್ತಾ ಇದೆ ಅನ್ನು. ಸುಳ್ಳು ಹೇಳಬೇಡ."

ಅದಕ್ಕೂ ಮೊದಲು ಮುಚ್ಚಳ, ಮುಖವಾಡ ತರಲು ಅವಳ ಗಾಡಿಯಲ್ಲೇ ಕಚೇರಿಗೆ ಓಡಿದೆವು. ಪೂಜೆ ಕೋಣೆಯ ಕೀಲಿ ಅಟೆಂಡರ್ ಬಳಿ. ಫೋನು ಮಾಡಿದರೆ, ಅವನು ಹಬ್ಬಕ್ಕೆ ಕತಗಾಲದ ಮಾವನ ಮನೆಗೆ ಹೋಗುವ ಬಸ್ಸಿನಲ್ಲಿದ್ದ. ಕೀಲಿ ಅವನ ಜೇಬಿನಲ್ಲಿತ್ತು. "ಇನ್ನೊಂದು ಕೀಲಿ ಇದ್ಯಾ?" ಎಂದರೆ, "ಅದೂ ಇದೇ ಗೊಂಚಲಿನಲ್ಲಿ ಇದ್ದು ಮೇಡಂ" ಎಂದ. ಅಂಗಳದಲ್ಲಿದ್ದ ಚಿರೆಕಲ್ಲಿನಿಂದ ಬೀಗ ಒಡೆದೆ. ಒಳಗೆ ಕಾಲಿಡುವಾಗ ಚಪ್ಪಲಿ ಬಿಟ್ಟದ್ದು ನೆನಪಿದೆ. ಬೀಗ ಒಡೆದು ನುಗ್ಗುವವಳು ಚಪ್ಪಲಿ ಬಿಟ್ಟು ನುಗ್ಗಿದೆ.

ದೀಪ ಇನ್ನೂ ಉರಿಯುತ್ತಿತ್ತು. ಗಾಡಿಯ ಹೆಂಗಸು ಹೊಸ್ತಿಲಲ್ಲೇ ನಿಂತಳು.

"ಪೂಜೆಗಿಟ್ಟದ್ದು ಮೇಡಂ. ನಾಳೆ ವರೆಗೂ ಕದಲ್ಸೂಕಾಗ."

"ಪಾಪ ಬಂದರೆ ನನಗೆ ಬರಲಿ."

"ನಿಮ್ಗೊಬ್ರಿಗೆ ಎಂತಕೆ," ಎಂದು ಅವಳು ಒಳಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಳಿ ಸಿಲಿಂಡರನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ನಾನು ತಾಟಿನಿಂದ ಎರಡು ಮುಚ್ಚಳ, ಹೂವಿನ ಅಡಿಯಿಂದ ಸ್ಪ್ಯಾನರ್, ಹಾರೆ ಮತ್ತು ಸೀಸದ ವಾಷರುಗಳ ಡಬ್ಬಿ ತೆಗೆದುಕೊಂಡೆ. ಮುಖವಾಡದ ಗಾಜಿನ ನಡುಮಧ್ಯೆ ಕುಂಕುಮ ಬಳಿದಿತ್ತು.

ಘಟಕಕ್ಕೆ ಬಂದಾಗ ತೆಂಗಿನ ಗರಿಗಳ ಆಟ ಕಡಿಮೆಯಾಗಿತ್ತು. ಅವಳು ಗಾಡಿ ತೆಗೆದುಕೊಂಡು ಕೇರಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗದ್ದಲ ಕೇಳಿಸಿತು. ಕಸದ ಗಾಡಿಯ ಸದ್ದು ಕೇಳಿ ಹೆಂಗಸರು ಕಸದ ಬಕೆಟು ಹಿಡಿದು ಹೊರಗೆ ಬಂದಿದ್ದರಂತೆ. ಹಬ್ಬದ ದಿನವೂ ಗಾಡಿ ಬಂತಲ್ಲ ಎಂದು ಕೆಲವರು ಹೊಗಳಿದರಂತೆ. ಅವಳು ಮೈಕು ಹಿಡಿದು ಬೈದ ಮೇಲೆ ಬಕೆಟುಗಳು ಅಲ್ಲಲ್ಲೇ ಉಳಿದವು, ಜನ ದಿಬ್ಬ ಹತ್ತತೊಡಗಿದರು. ದೂರದಿಂದ ಆ ಸಾಲು ನೋಡಿ ನನಗೆ ಉಸಿರು ಬಂತು.

ಆದರೆ ಮೊದಲ ಮನೆಯಿಂದ ಯಾರೂ ಹೊರಡಲಿಲ್ಲ. ಆಪರೇಟರ್ ಹೆಂಡತಿಗೆ ಫೋನು ಮಾಡಿ ಸ್ಪೀಕರ್ ಹಾಕಿದ.

"ಬಾಣಂತಿಗೆ ಹನ್ನೊಂದು ದಿನ ಆಗ್ಲಿಲ್ಲ. ಸಂಜಿ ಗಾಳಿ ತಾಗ್ಸೂಕಾಗ. ಕಿಟಕಿ ಬಾಗ್ಲು ಎಲ್ಲ ಹಾಕ್ಕಂಡಿದ್ದೆ, ಧೂಪ ಹಾಕಿದ್ದೆ. ಎಂತ ಆಗೂದಿಲ್ಲ," ಎಂದು ಅವಳು ಫೋನು ಇಟ್ಟಳು.

ಅವನು ಮುಖವಾಡ ಕೈಯಲ್ಲಿ ಹಿಡಿದು ನಿಂತಿದ್ದ. ಒಳಗೆ ಹೋಗಬೇಕಾದವನು ಅವನೇ ಎಂದು ನಾವಿಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದೆವು. ನಮ್ಮಲ್ಲಿದ್ದದ್ದು ಒಂದೇ ಮುಖವಾಡ. ಅಣಕು ತರಬೇತಿಯಲ್ಲಿ ಇಬ್ಬರೂ ಅದನ್ನು ಹಾಕಿಕೊಂಡಿದ್ದೆವು. ನಾನು ಉಸಿರು ಕಟ್ಟಿದಂತಾಗಿ ಕಿತ್ತು ಎಸೆದು ಎಲ್ಲರನ್ನೂ ನಗಿಸಿದ್ದೆ. ಈಗ ಅವನ ಕಣ್ಣು ಮತ್ತೆ ಮತ್ತೆ ಪಾಗಾರದ ಆಚೆ ಹೋಗುತ್ತಿತ್ತು. ಇವನನ್ನು ಒಳಗೆ ಕಳಿಸಿದರೆ ಇವನ ಕೈ ಇಲ್ಲಿ, ಮನಸ್ಸು ಅಲ್ಲಿ. ಅವನ ಹೆಂಡತಿ ನನ್ನ ಮಾತಿಗಂತೂ ಹೊರಡುವವಳಲ್ಲ.

"ನೀನು ಮನೆಗೆ ಹೋಗು. ಅವರನ್ನು ಎಬ್ಬಿಸಿ ಶಾಲೆಗೆ ಕರೆದುಕೊಂಡು ಹೋಗು. ಒಳಗೆ ನಾನು ಹೋಗ್ತೇನೆ."

"ನೀವಾ?"

ಆ ಒಂದು ಪದದಲ್ಲಿದ್ದ ಅನುಮಾನ ಪೂರ್ತಿ ನ್ಯಾಯವಾದದ್ದು. ಅವನು ನನಗೆ ಕೈಗವಸು ತೊಡಿಸಿ, ಬೆನ್ನಿಗೆ ಸಿಲಿಂಡರ್ ಕಟ್ಟಿ, ಪಟ್ಟಿ ಎಳೆದು, ಗಾಳಿ ಬಿಟ್ಟು, ಮುಖವಾಡದ ಅಂಚಿನಲ್ಲಿ ಬೆರಳಾಡಿಸಿ ನೋಡಿದ. "ಹೊರಳ್ಸಿ, ವಾಲ್ವ್ ಬಿಗಿ ಮಾಡಿ, ಮುಚ್ಚಳ ಹಾಕಿ. ಜೋರು ಮಾಡ್ಬೇಡಿ, ತುಂಡಾತದೆ," ಎಂದು ಹೇಳಿ ಓಡಿದ.

ನಾನು ನಡೆದೆ. ಮುಖವಾಡದೊಳಗೆ ನನ್ನ ಉಸಿರೇ ನನಗೆ ಗರಗಸದ ಸದ್ದಿನಂತೆ ಕೇಳುತ್ತಿತ್ತು. ಎಷ್ಟು ಒರೆಸಿದರೂ ಗಾಜಿನ ಕುಂಕುಮ ಪೂರ್ತಿ ಹೋಗಿರಲಿಲ್ಲ; ಟನ್ನರು, ಗೋಡೆ, ಬಾಗಿಲು, ಎಲ್ಲದರ ನಡುವೆ ಒಂದು ಕೆಂಪು ಕಲೆ. ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ತಿರುಗಿದೆ ಎಂಬುದು ನಿಜ. ತಿರುಗಿದಾಗ ಕಂಡದ್ದು ಸಮುದ್ರದ ಮೇಲೆ ಇಳಿಯುತ್ತಿದ್ದ ಹೊತ್ತು, ಅಲ್ಲಾಡದೆ ನಿಂತ ತೆಂಗಿನ ಗರಿ. ಮತ್ತೆ ಒಳಕ್ಕೆ ತಿರುಗಿದೆ.

ಹಾರೆಯನ್ನು ಟನ್ನರಿನ ಅಡಿಗೆ ಸಿಕ್ಕಿಸಿ ಮೀಟಿದೆ. ಕದಲಲಿಲ್ಲ. ಇನ್ನೊಮ್ಮೆ ಮೀಟಿದೆ. ನನ್ನ ಶಕ್ತಿಯೇ ಸಾಲದು ಎಂದುಕೊಂಡಾಗ ಹಳದಿ ಹೊಗೆಯ ನಡುವೆ ಕಂಡಿತು: ಬಾಳೆಗಿಡ. ಅದನ್ನು ಟನ್ನರಿನ ಪಟ್ಟಿಗೂ ರೋಲರಿನ ಕಂಬಕ್ಕೂ ಸೇರಿಸಿ ಹುರಿಹಗ್ಗದಿಂದ ಭದ್ರವಾಗಿ ಸುತ್ತಿದ್ದರು. ಕತ್ತಿ ತಂದಿರಲಿಲ್ಲ. ಹಗ್ಗ ಬಿಚ್ಚಲು ಕೈಗವಸಿನೊಳಗಿನ ಬೆರಳುಗಳು ಒಲ್ಲೆ ಎಂದವು. ಕೊನೆಗೆ ಹಾರೆಯಿಂದ ಬಾಳೆದಿಂಡನ್ನೇ ಚುಚ್ಚಿ ಚುಚ್ಚಿ ಸೀಳಿದೆ. ದಿಂಡು ಹೋದ ಮೇಲೆ ಹಗ್ಗ ಸಡಿಲಾಯಿತು. ಇನ್ನೊಂದು ಬದಿಗೂ ಅದೇ ಕೆಲಸ. ಅಳುತ್ತಿದ್ದೆ ಎಂದು ಗೊತ್ತಾದದ್ದು ಗಾಜು ಮಂಜಾದಾಗ.

ಈ ಸಲ ಮೀಟಿದಾಗ ಟನ್ನರ್ ಹೊರಳಿತು. ಸೋರುವ ವಾಲ್ವ್ ನಿಧಾನ ಮೇಲೆ ಬಂತು. ದಪ್ಪಗೆ ಇಳಿಯುತ್ತಿದ್ದ ಹೊಗೆ ತೆಳ್ಳಗಾಗಿ, ಸದ್ದು ಬದಲಾಯಿತು. ಈಗ ಬರುತ್ತಿದ್ದುದು ಬರಿಯ ಅನಿಲ. ಮತ್ತೆ ಉರುಳದಂತೆ ರೋಲರಿಗೆ ಆಪು ಕೊಟ್ಟು, ಸ್ಪ್ಯಾನರ್ ಸಿಕ್ಕಿಸಿ ವಾಲ್ವನ್ನು ತುಸುವೇ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನು ತುಸು. ಆಗ ನನ್ನ ಬೆನ್ನಿನಿಂದ ಸೀಟಿ ಹೊಡೆಯಿತು. ಗಾಳಿ ಮುಗಿಯುತ್ತ ಬಂದರೆ ಸಿಲಿಂಡರೇ ಸೀಟಿ ಹೊಡೆಯುತ್ತದೆ. ತರಬೇತಿಯಲ್ಲಿ ಅದನ್ನು ಕೇಳಿದ್ದೆ. ಆದರೂ ಓಡು ಎಂದು ಕಾಲು ಹೇಳಿತು. ಮುಚ್ಚಳ ಬಾಕಿ ಇತ್ತು.

ವಾಷರ್ ಒಳಗಿಟ್ಟು ಮುಚ್ಚಳವನ್ನು ಬಾಯಿಗೆ ಹಿಡಿದೆ. ಹುಣಸೆಹುಳಿಯಲ್ಲಿ ತಿಕ್ಕಿದ್ದು, ಒಂದೇ ಒಂದು ಕೊಳೆ ಇಲ್ಲ. ತಿರುಪಿನ ಎಳೆಗೆ ಎಳೆ ಸರಿಯಾಗಿ ಕೂತು ಸಲೀಸಾಗಿ ಸುತ್ತಿಕೊಂಡಿತು. ಸ್ಪ್ಯಾನರಿನಿಂದ ಬಿಗಿಮಾಡಿದೆ. ಸದ್ದು ನಿಂತಿತು. ಸೀಟಿ ಮಾತ್ರ ಕೂಗುತ್ತಿತ್ತು. ಇನ್ನೊಂದು ವಾಲ್ವಿಗೂ ಮುಚ್ಚಳ ತಿರುಗಿಸಿ, ಗೇಟಿನವರೆಗೆ ಹೇಗೆ ಬಂದೆನೋ ತಿಳಿಯದು.

ಗೇಟಿನಲ್ಲಿ ಕಸದ ಗಾಡಿಯ ಹೆಂಗಸಿರಲಿಲ್ಲ, ಆಪರೇಟರ್ ಇರಲಿಲ್ಲ. ಅಗ್ನಿಶಾಮಕದವರು ಆಗಷ್ಟೇ ಬಂದು ಇಳಿಯುತ್ತಿದ್ದರು. ಅವರು ಒಳಗೆ ಹೋಗಿ ಅಮೋನಿಯಾ ಸೀಸೆಯನ್ನು ವಾಲ್ವಿನ ಬಳಿ ಹಿಡಿದು ನೋಡಿದರು. ಕ್ಲೋರಿನ್ ಇದ್ದರೆ ಬಿಳಿ ಹೊಗೆ ಏಳಬೇಕು, ಏಳಲಿಲ್ಲ. ನೆಲದಲ್ಲಿ ನಿಂತದ್ದಕ್ಕೆ ನಮ್ಮ ಘಟಕದ ಚಿಪ್ಪಿಸುಣ್ಣವನ್ನೇ ಕಲಸಿ ಹಾಕಿದರು. ಅಂದಿನಿಂದ ನಮ್ಮಲ್ಲಿ ಆಯುಧ ಪೂಜೆಗೆ ಕ್ಲೋರಿನ್ ಕೋಣೆಯ ಬಾಗಿಲಿಗೆ ಮಾತ್ರ, ಹೊರಗಿನಿಂದ, ಒಂದು ಹೂವು.

ಅಷ್ಟರಲ್ಲಿ ಗುಡ್ಡದಿಂದ ತಣ್ಣನೆಯ ಗಾಳಿ ಶುರುವಾಗಿತ್ತು. ಅದಕ್ಕೆ ಬೆನ್ನು ಹಾಕಿ ಮೊದಲು ಆಪರೇಟರನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಧೂಪ ಹೊಗೆಯಾಡುತ್ತಿತ್ತು. ತೊಟ್ಟಿಲು ಖಾಲಿ. ಯಾರನ್ನೂ ಕೂಗುವ ಧೈರ್ಯವಾಗದೆ ದಿಬ್ಬ ಹತ್ತಿದೆ.

ಶಾಲೆಯ ಅಂಗಳದಲ್ಲಿ ಕೇರಿಗೆ ಕೇರಿಯೇ ಕೂತಿತ್ತು. ನಡುವೆ ಕಸದ ಗಾಡಿ. ಅದರ ಹಿಂದಿನ ಪೆಟ್ಟಿಗೆಯಲ್ಲಿ ಚಾಪೆ ಹಾಸಿ, ಕಿವಿಗೆ ಬಟ್ಟೆ ಸುತ್ತಿಕೊಂಡ ಬಾಣಂತಿ ಕೂತಿದ್ದಳು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಅಜ್ಜಿ. ಆಪರೇಟರ್ ಗಾಡಿಯ ಚಕ್ರಕ್ಕೆ ಒರಗಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಹೆಂಗೆ ಒಪ್ಪಿಸಿದೆ?" ಎಂದೆ.

ಅವನು ಹೇಳುವ ಮೊದಲೇ ಅವನ ಹೆಂಡತಿ ಹೇಳಿದಳು. "ಬಾಣಂತಿ ನಡ್ದು ಬರೂದಿಲ್ಲ ಅಂದೆ. ಗಾಡಿ ತಂದ್ರು. ಕಸದ ಗಾಡೀಲಿ ಕೂರ್ಸೂದಾ ಅಂದೆ. ಕಂಡ್ರೆ, ಬೆಳಿಗ್ಗೆ ತೊಳ್ದು ಪೂಜೆ ಮಾಡಿದ್ದು. ನಮ್ಮನೆ ಒಳಗಿಂತ ಚೊಕ್ಕ ಇತ್ತು. ಮತ್ತೆ ಎಂತ ಹೇಳೂದು?"

ನಾನು ಮಗುವಿನ ಕಡೆ ಕೈ ಚಾಚಿದೆ. ಅವಳು ತಕ್ಷಣ ಹಿಂದಕ್ಕೆ ಸರಿದಳು. "ಮುಟ್ಬೇಡಿ. ನಿಮ್ಮ ಮೈಯೆಲ್ಲ ಅದೇ ವಾಸ್ನೆ. ಮಿಂದ್ಕಂಡು ಬನ್ನಿ."

ಸರಿಯೇ. ದೂರ ನಿಂತೆ. ಶಾಲೆಯ ಕಂಬಕ್ಕೆ ಒರಗಿದೆ. ಅಷ್ಟರಲ್ಲಿ ಮಗು ಎದ್ದು, ಬಾಯಿ ಅಗಲಿಸಿ, ಉಸಿರು ಪೂರ್ತಿ ಎಳೆದುಕೊಂಡು ಅಳತೊಡಗಿತು. ಅಜ್ಜಿ ಎದೆಗೆ ಒತ್ತಿಕೊಂಡು ಶ್ ಶ್ ಎಂದು ತಟ್ಟಿದಳು. ಅದು ಇನ್ನೂ ಜೋರಾಗಿ ಉಸಿರು ಎಳೆದು ಇನ್ನೂ ಜೋರಾಗಿ ಅತ್ತಿತು.

"ಸುಮ್ಮನಿರಿಸಬೇಡಿ," ಎಂದೆ. "ಇನ್ನು ಸ್ವಲ್ಪ ಹೊತ್ತು ಅಳಲಿ ಬಿಡಿ."